ಚೀಲವೋ, ಜೋಡಣೆಯೋ? ಕರುಳಿನ ಆಪರೇಷನ್ ಆದ ಮೇಲಿನ ದಿನಗಳನ್ನು ಮುಂದಿಟ್ಟುಕೊಂಡು ಒಂದು ಹೋಲಿಕೆ

ಅಕ್ಕನಿಗೆ ಗುದನಾಳದ ಕ್ಯಾನ್ಸರ್ ಎಂದು ಗೊತ್ತಾದ ವಾರ ಸರ್ಜನ್ ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬಿಡಿಸಿ ಅರ್ಧ ಗಂಟೆ ವಿವರಿಸಿದರು. ಎಲ್ಲಿ ಕತ್ತರಿಸುತ್ತಾರೆ, ಎಲ್ಲಿ ಜೋಡಿಸುತ್ತಾರೆ, ಆಸ್ಪತ್ರೆಯಲ್ಲಿ ಎಷ್ಟು ದಿನ ಎಲ್ಲವನ್ನೂ ಹೇಳಿದರು. ಕೊನೆಗೆ "ಏನಾದರೂ ಕೇಳುವುದಿದೆಯಾ?" ಎಂದಾಗ ಅಕ್ಕ ಕೇಳಿದ್ದು ಒಂದೇ ಮಾತು: "ಚೀಲ ಬರುತ್ತಾ ಡಾಕ್ಟ್ರೇ?" ಮಲ ತುಂಬಿಕೊಳ್ಳಲು ಹೊಟ್ಟೆಯ ಮೇಲೆ ಅಂಟಿಸುವ ಚೀಲದ ಮಾತು ಅದು. ಬಂದರೂ ಕೆಲವು ತಿಂಗಳಿಗೆ ಮಾತ್ರ, ಆಮೇಲೆ ತೆಗೆಯುತ್ತೇವೆ ಎಂದರು. ಅಷ್ಟು ಕೇಳಿದ್ದೇ ಇಬ್ಬರೂ ನಿರಾಳವಾಗಿ ಎದ್ದು ಬಂದೆವು. ಚೀಲ ಹೋದ ಮೇಲೆ ದಿನ ಹೇಗಿರುತ್ತದೆ ಎಂದು ಕೇಳಬೇಕೆಂಬುದು ಅವಳಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಆವತ್ತೇ ಕೇಳಿದ್ದರೆ ಮುಂದಿನ ಒಂದೂವರೆ ವರ್ಷ ಅಷ್ಟು ಕಂಗೆಡುತ್ತಿರಲಿಲ್ಲ.

ಈ ಬರಹ ಆ ಕೇಳದ ಪ್ರಶ್ನೆಯ ಸುತ್ತ ಇದೆ. ಯಾವ ಆಪರೇಷನ್‌ನಿಂದ ರೋಗ ವಾಸಿಯಾಗುತ್ತದೆ ಎಂಬುದನ್ನು ಸ್ಕ್ಯಾನ್, ಬಯಾಪ್ಸಿ ನೋಡಿ ಡಾಕ್ಟರೇ ಹೇಳಬೇಕು. ಆದರೆ ಎಷ್ಟೋ ಸಲ ಅವರು "ಎರಡೂ ಮಾಡಬಹುದು, ನೀವು ಯೋಚಿಸಿ ಹೇಳಿ" ಎನ್ನುತ್ತಾರೆ. ಆಗ ಯಾವುದನ್ನು ಯಾವುದರ ಪಕ್ಕ ಇಟ್ಟು ನೋಡಬೇಕು ಎಂಬುದಷ್ಟೇ ಇಲ್ಲಿರುವುದು.

ಯಾವ ಅಳತೆಗೋಲು

ಬದುಕಿನ ಗುಣಮಟ್ಟ ಎಂದರೆ ಏನೋ ದೊಡ್ಡ ಮಾತು ಅನ್ನಿಸುತ್ತದೆ. ಕ್ಯಾನ್ಸರ್ ಸಂಶೋಧಕರು ಇದನ್ನು ಅಳೆಯಲು 1993ರಿಂದ ಬಳಸುತ್ತಿರುವ ಯುರೋಪಿನ ಒಂದು ಪ್ರಶ್ನಾವಳಿಯಲ್ಲಿ ಇರುವುದು 30 ಪ್ರಶ್ನೆ, ಅವೂ ತೀರಾ ಸಾಮಾನ್ಯವಾದವು: ದೂರ ನಡೆಯಲು ಕಷ್ಟವಾಗುತ್ತದೆಯೇ, ನಿದ್ದೆ ಬರುತ್ತಿದೆಯೇ, ಊಟ ತೊಡಿಗೆಗೆ ಬೇರೆಯವರ ಸಹಾಯ ಬೇಕೇ, ಮನೆಯವರೊಡನೆ ಕಳೆಯುವ ಸಮಯಕ್ಕೆ ಕಾಯಿಲೆ ಅಡ್ಡ ಬಂದಿದೆಯೇ. ಅಕ್ಕ ಅದನ್ನು ತುಂಬಿಸುವಾಗ ನಾನು ಪಕ್ಕದಲ್ಲಿದ್ದೆ. ಕೊನೆಯ ಎರಡು ಪ್ರಶ್ನೆಗಳಿಗೆ 1ರಿಂದ 7ರೊಳಗೆ ಒಂದು ಅಂಕಿ ಸುತ್ತಬೇಕು. ಒಂದು ಆರೋಗ್ಯಕ್ಕೆ, ಇನ್ನೊಂದು ಒಟ್ಟು ಬದುಕಿಗೆ. ಅವಳು ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದಳು.

ಮನೆಯ ಮಟ್ಟಿಗೆ ನಾನು ಅದನ್ನು ನಾಲ್ಕಕ್ಕೆ ಇಳಿಸಿಕೊಂಡಿದ್ದೇನೆ. ರಾತ್ರಿ ಎಷ್ಟು ಸಲ ಏಳಬೇಕು? ಮನೆಯಿಂದ ಹೊರಟರೆ ಟಾಯ್ಲೆಟ್ ಇಲ್ಲದೆ ಎಷ್ಟು ಹೊತ್ತು ಧೈರ್ಯವಾಗಿ ಇರಬಹುದು? ನನ್ನ ಕೆಲಸ ನಾನೇ ಮಾಡಿಕೊಳ್ಳಬಹುದೇ, ಇನ್ನೊಬ್ಬರ ಕೈ ಬೇಕೇ? ಹಾಸಿಗೆಯಲ್ಲಿ ಪಕ್ಕದಲ್ಲಿರುವವರ ಜತೆಗಿನ ಸಂಬಂಧ ಏನಾಗುತ್ತದೆ? ಮುಂದೆ ಬರುವ ಪ್ರತಿ ಹೋಲಿಕೆಯನ್ನೂ ಈ ನಾಲ್ಕಕ್ಕೆ ಉಜ್ಜಿ ನೋಡಿ.

ದೊಡ್ಡ ಗಾಯವೋ, ಸಣ್ಣ ತೂತುಗಳೋ

ಜನ ಅತಿ ಹೆಚ್ಚು ಚರ್ಚೆ ಮಾಡುವುದು ಇದರ ಬಗ್ಗೆ. ವರ್ಷಗಟ್ಟಲೆಯ ಬದುಕಿಗೆ ಅತಿ ಕಡಿಮೆ ವ್ಯತ್ಯಾಸ ತರುವುದೂ ಬಹುಶಃ ಇದೇ. ಹೊಟ್ಟೆ ತೆರೆದು ಮಾಡುವ ಆಪರೇಷನ್ನನ್ನೂ ಸಣ್ಣ ತೂತುಗಳ ಮೂಲಕ ಮಾಡುವ ಲ್ಯಾಪರೊಸ್ಕೋಪಿಯನ್ನೂ ಹೋಲಿಸಿದ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ 2004ರಲ್ಲಿ ಬಂತು. ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 872 ರೋಗಿಗಳು ಅದರಲ್ಲಿದ್ದರು. ತೂತಿನ ಮೂಲಕ ಮಾಡಿಸಿಕೊಂಡವರು ಆಸ್ಪತ್ರೆಯಲ್ಲಿದ್ದದ್ದು ಸಾಮಾನ್ಯವಾಗಿ 5 ದಿನ, ಹೊಟ್ಟೆ ತೆರೆದವರದ್ದು 6 ದಿನ. ನೋವಿನ ಔಷಧಿಯೂ ಮೊದಲಿನವರಿಗೆ ಕಡಿಮೆ ಸಾಕಾಯಿತು. ಕ್ಯಾನ್ಸರ್ ಮರಳಿ ಬರುವ ವಿಷಯದಲ್ಲಿ ಎರಡೂ ಸಮ. ಅದೇ ಪ್ರಯೋಗದಲ್ಲಿ ಬದುಕಿನ ಗುಣಮಟ್ಟವನ್ನೂ ಕೇಳಿದ್ದರು. ಎರಡನೇ ವಾರದಲ್ಲಿ ಅಲ್ಪ ವ್ಯತ್ಯಾಸ ಕಂಡಿತು, ಎರಡು ತಿಂಗಳಾಗುವಾಗ ಅದೂ ಇರಲಿಲ್ಲ.

ರೋಬೋ? ಗುದನಾಳದ ಕ್ಯಾನ್ಸರ್‌ನ 471 ರೋಗಿಗಳಲ್ಲಿ ರೋಬೋಟಿಕ್ ಮತ್ತು ಸಾಮಾನ್ಯ ಲ್ಯಾಪರೊಸ್ಕೋಪಿಯನ್ನು ಹೋಲಿಸಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮಧ್ಯದಲ್ಲಿ ಕೈಬಿಟ್ಟು ಹೊಟ್ಟೆ ತೆರೆಯಬೇಕಾಗಿ ಬಂದದ್ದು ರೋಬೋದಲ್ಲಿ 8.1 ಶೇಕಡಾ, ಸಾಮಾನ್ಯದಲ್ಲಿ 12.2 ಶೇಕಡಾ. ಈ ಅಂತರ ಆಕಸ್ಮಿಕವೂ ಇರಬಹುದು ಎಂದೇ ಲೆಕ್ಕ ಹೇಳಿತು. ಮೂತ್ರ, ಲೈಂಗಿಕ ಕ್ರಿಯೆಗಳಲ್ಲೂ ಸ್ಪಷ್ಟ ಲಾಭ ಕಾಣಲಿಲ್ಲ.

ನನ್ನ ಅಭಿಪ್ರಾಯ ಇಷ್ಟೇ: ನಿಮ್ಮ ಸರ್ಜನ್‌ಗೆ ತೂತಿನ ವಿಧಾನ ಚೆನ್ನಾಗಿ ಪಳಗಿದ್ದರೆ ಅದೇ ಇರಲಿ. ಯಂತ್ರದ ಹೆಸರು ನೋಡಿ ಸರ್ಜನ್ ಬದಲಾಯಿಸಬೇಡಿ. ಮೊದಲ ಹತ್ತು ದಿನದ ಸುಖಕ್ಕೆ ಗಾಯದ ಉದ್ದಕ್ಕಿಂತ ಆಸ್ಪತ್ರೆಯ ಕ್ರಮ ಹೆಚ್ಚು ಮುಖ್ಯ. ಡೆನ್ಮಾರ್ಕಿನ ಸರ್ಜನ್ ಹೆನ್ರಿಕ್ ಕೆಲೆಟ್ 1990ರ ದಶಕದಲ್ಲಿ ಹಳೆಯ ಕಟ್ಟಳೆಗಳನ್ನು ಒಂದೊಂದಾಗಿ ಪ್ರಶ್ನಿಸಿದರು. ರಾತ್ರಿಯಿಡೀ ನೀರೂ ಕುಡಿಯದೆ ಏಕೆ ಇರಬೇಕು? ಮೂಗಿನ ನಳಿಕೆ ಎಲ್ಲರಿಗೂ ಏಕೆ? ಕರುಳು ಸದ್ದು ಮಾಡುವ ತನಕ ಊಟ ಏಕಿಲ್ಲ? ಅದರಿಂದ ಬೆಳೆದ, ಬೇಗ ಚೇತರಿಸಿಕೊಳ್ಳಲು ನೆರವಾಗುವ ಕ್ರಮವನ್ನು ಇವತ್ತು ಇರಾಸ್ (ERAS) ಎನ್ನುತ್ತಾರೆ. ಅರಿವಳಿಕೆಗೆ ಎರಡು ಗಂಟೆ ಮುಂಚಿನ ತನಕ ತಿಳಿ ಪಾನೀಯ ಕುಡಿಯಬಹುದು. ಆಪರೇಷನ್ ಆದ ದಿನವೇ ಅಥವಾ ಮರುದಿನ ಬಾಯಿಗೆ ಆಹಾರ ಕೊಡುತ್ತಾರೆ, ಹಾಸಿಗೆಯಿಂದ ಎಬ್ಬಿಸಿ ನಡೆಸುತ್ತಾರೆ. ಮೂತ್ರದ ನಳಿಕೆಯನ್ನು ಬೇಗ ತೆಗೆಯುತ್ತಾರೆ. ಅಫೀಮಿನ ಜಾತಿಯ ನೋವಿನ ಔಷಧಿ ಆದಷ್ಟು ಕಡಿಮೆ, ಏಕೆಂದರೆ ಅದು ಕರುಳನ್ನೇ ಮಲಗಿಸುತ್ತದೆ. "ನಿಮ್ಮಲ್ಲಿ ಇರಾಸ್ ಇದೆಯಾ?" ಎಂಬ ಒಂದು ಪ್ರಶ್ನೆ "ರೋಬೋ ಇದೆಯಾ?" ಎಂಬುದಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ನಿಜವಾದ ಕವಲು: ಕೆಳಗೆ ಜೋಡಿಸುವುದೋ, ಶಾಶ್ವತ ಕೊಲೊಸ್ಟಮಿಯೋ

ಗೆಡ್ಡೆ ಗುದನಾಳದಲ್ಲಿ ಕೆಳಗೆ ಇದ್ದಾಗ ಎರಡು ದಾರಿ. ಒಂದು, ಗುದನಾಳವನ್ನು ತೆಗೆದು ಮೇಲಿನ ದೊಡ್ಡ ಕರುಳನ್ನು ಎಳೆದು ಕೆಳಗೆ ಗುದದ್ವಾರದ ಹತ್ತಿರ ಜೋಡಿಸುವುದು. ಇನ್ನೊಂದು, ಗುದದ್ವಾರವನ್ನೂ ಸೇರಿಸಿ ತೆಗೆದು ದೊಡ್ಡ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತರುವುದು, ಅದೇ ಶಾಶ್ವತ ಕೊಲೊಸ್ಟಮಿ. ಎರಡನೆಯದನ್ನು ಇಂಗ್ಲೆಂಡಿನ ಅರ್ನೆಸ್ಟ್ ಮೈಲ್ಸ್ 1908ರಲ್ಲಿ ವಿವರಿಸಿದರು. ಬಹುಕಾಲ ಕೆಳಗಿನ ಗೆಡ್ಡೆಗೆ ಅದೇ ಮುಖ್ಯ ಚಿಕಿತ್ಸೆಯಾಗಿತ್ತು. ಕರುಳನ್ನು ಪಿನ್ನುಗಳಿಂದ ಜೋಡಿಸುವ ಸ್ಟೇಪ್ಲರ್ ಉಪಕರಣ ಬಂದ ಮೇಲೆ ಜೋಡಣೆ ಕೆಳಕೆಳಗೆ ಇಳಿಯಿತು. ಗುದದ್ವಾರ ಉಳಿಸುವುದೇ ಗೆಲುವು ಎಂಬ ಭಾವನೆ ಡಾಕ್ಟರರಲ್ಲೂ ರೋಗಿಗಳಲ್ಲೂ ಬೇರೂರಿತು.

ಆದರೆ ಗುದನಾಳ ಬರೀ ಕೊಳವೆಯಲ್ಲ. ಅದೊಂದು ಉಗ್ರಾಣ. ಹಿಗ್ಗಿ ಮಲವನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಂದಿರುವುದು ಗ್ಯಾಸೋ ಮಲವೋ ಎಂದು ತಿಳಿಸುತ್ತದೆ, "ಇನ್ನೊಂದು ಗಂಟೆ ತಡೆ" ಎಂದರೆ ತಡೆಯುತ್ತದೆ. ಅದರ ಜಾಗಕ್ಕೆ ಬಂದ ದೊಡ್ಡ ಕರುಳಿಗೆ ಈ ವಿದ್ಯೆ ಗೊತ್ತಿಲ್ಲ, ತನ್ನ ಅಭ್ಯಾಸದಂತೆ ಮುಂದಕ್ಕೆ ತಳ್ಳುತ್ತಲೇ ಇರುತ್ತದೆ. ಆಗ ಬರುವ ತೊಂದರೆಗಳ ಗುಂಪಿಗೆ ಲಾರ್ಸ್ (LARS) ಎಂದು ಹೆಸರು. ಮೋಷನ್ ಒಂದು ಸಲಕ್ಕೆ ಮುಗಿಯದೆ ಗಂಟೆಯೊಳಗೆ ನಾಲ್ಕಾರು ಸಲ ಹೋಗಬೇಕಾಗುತ್ತದೆ. ಅನ್ನಿಸಿದ ಕ್ಷಣದಲ್ಲೇ ಓಡಬೇಕು. ಹೂಸು ಎಂದುಕೊಂಡದ್ದು ಹೂಸಾಗಿರುವುದಿಲ್ಲ. ಒಂದು ದಿನ ಏನೂ ಇಲ್ಲ, ಮರುದಿನ ಹತ್ತು ಸಲ.

ಇದನ್ನು ಅಳೆಯುವ ಐದು ಪ್ರಶ್ನೆಗಳ ಪಟ್ಟಿಯನ್ನು ಡೆನ್ಮಾರ್ಕಿನ ಎಮರ್ಟ್‌ಸೆನ್ ಮತ್ತು ಲೌರ್ಬರ್ಗ್ 2012ರಲ್ಲಿ ಸಿದ್ಧಪಡಿಸಿದರು. ಒಟ್ಟು 42 ಅಂಕ. 20ರ ತನಕ ತೊಂದರೆ ಇಲ್ಲ, 21ರಿಂದ 29 ಸಣ್ಣ ತೊಂದರೆ, 30 ಅಥವಾ ಅದಕ್ಕಿಂತ ಹೆಚ್ಚಾದರೆ ದೊಡ್ಡದು. ಗುದನಾಳ ತೆಗೆದು ಜೋಡಿಸಿಕೊಂಡವರಲ್ಲಿ ಸುಮಾರು 40 ಶೇಕಡಾ ಮಂದಿ ಈ ದೊಡ್ಡ ತೊಂದರೆಯ ಗುಂಪಿಗೆ ಬೀಳುತ್ತಾರೆ. ಜೋಡಣೆ ಕೆಳಗಿದ್ದಷ್ಟೂ, ರೇಡಿಯೇಷನ್ ಕೊಟ್ಟಿದ್ದರೆ, ಜೋಡಣೆ ಸೋರಿ ಸೋಂಕಾಗಿದ್ದರೆ ಸಾಧ್ಯತೆ ಹೆಚ್ಚು. ಪೊಲಾರ್ಸ್ ಎಂಬ ಲೆಕ್ಕಾಚಾರವೊಂದಿದೆ. ವಯಸ್ಸು, ಲಿಂಗ, ಗೆಡ್ಡೆಯ ಎತ್ತರ, ರೇಡಿಯೇಷನ್ ಇತ್ಯಾದಿ ಹಾಕಿದರೆ ಮುಂದೆ ಬರಬಹುದಾದ ಲಾರ್ಸ್ ಅಂಕವನ್ನು ಆಪರೇಷನ್‌ಗೆ ಮೊದಲೇ ಅಂದಾಜಿಸುತ್ತದೆ. ನಮಗೆ ಯಾರೂ ಅದನ್ನು ಹೇಳಲಿಲ್ಲ, ನಾವೂ ಕೇಳಲಿಲ್ಲ.

ಅಕ್ಕನ ಅಂಕ ಮೊದಲ ವರ್ಷ 37. ಬೆಳಗ್ಗೆ ಆರರಿಂದ ಒಂಬತ್ತರ ತನಕ ಬಚ್ಚಲಿನ ಬಾಗಿಲಿನಾಚೆ ಅವಳ ಲೋಕವೇ ಇರಲಿಲ್ಲ. ಹೊರಗೆ ಹೋಗಬೇಕಾದ ದಿನ ಹಿಂದಿನ ರಾತ್ರಿಯಿಂದಲೇ ಉಪವಾಸ. "ಚೀಲ ಬೇಡ ಅಂದೆನಲ್ಲೇ, ಈಗ ನಾನೇ ಟಾಯ್ಲೆಟ್ಟಿಗೆ ಕಟ್ಟಿದ ಚೀಲ ಆಗಿಬಿಟ್ಟೆ" ಎಂದು ಒಂದು ಸಲ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಇನ್ನು ಕೊಲೊಸ್ಟಮಿಯ ದಿನ. ಎಡಭಾಗದ ಕೊಲೊಸ್ಟಮಿಯಲ್ಲಿ ಮಲ ಸಾಮಾನ್ಯವಾಗಿ ಗಟ್ಟಿಯಾಗಿಯೇ ಬರುತ್ತದೆ, ದಿನಕ್ಕೆ ಒಂದೆರಡು ಸಲ ಚೀಲ ಬದಲಿಸಿದರೆ ಸಾಕು. ಓಡುವ ಧಾವಂತ ಇಲ್ಲ, ರಾತ್ರಿ ನಿದ್ದೆ ಇದೆ. ಆದರೆ ಇದಕ್ಕೂ ತನ್ನದೇ ಸಾಲಗಳಿವೆ. ಕನ್ನಡಿ ನೋಡಿಕೊಳ್ಳುವುದು ಹಲವರಿಗೆ ತಿಂಗಳುಗಟ್ಟಲೆ ಆಗುವುದಿಲ್ಲ. ನಾಲ್ಕು ಜನರ ನಡುವೆ ಚೀಲ ಸದ್ದು ಮಾಡುತ್ತದೆ. ಸ್ಟೋಮಾದ, ಅಂದರೆ ಹೊಟ್ಟೆಯ ಮೇಲೆ ಕರುಳು ತೆರೆದುಕೊಂಡಿರುವ ಬಾಯಿಯ, ಪಕ್ಕ ಹರ್ನಿಯಾ ಉಬ್ಬುವುದು ವರ್ಷಗಳು ಕಳೆದಂತೆ ಬಹಳ ಸಾಮಾನ್ಯ. ಗುದದ್ವಾರ ತೆಗೆದ ಜಾಗದ ಗಾಯ, ವಿಶೇಷವಾಗಿ ರೇಡಿಯೇಷನ್ ಆಗಿದ್ದರೆ, ಮಾಯಲು ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು; ಅಷ್ಟು ದಿನ ನೆಟ್ಟಗೆ ಕೂರುವುದೇ ಕಷ್ಟ. ಇಲ್ಲದ ಗುದನಾಳದಲ್ಲಿ ಮೋಷನ್ ಬಂದಂತೆ ಅನ್ನಿಸುವುದೂ ಉಂಟು. ಅದು ಭ್ರಮೆಯಲ್ಲ, ಕತ್ತರಿಸಿದ ನರಗಳ ನೆನಪು, ಹೆದರಬೇಕಾಗಿಲ್ಲ. ಮೂತ್ರ ಮತ್ತು ಲೈಂಗಿಕ ಕ್ರಿಯೆಯ ನರಗಳು ಗುದನಾಳಕ್ಕೆ ಅಂಟಿಕೊಂಡೇ ಸಾಗುವುದರಿಂದ ಎರಡೂ ಆಪರೇಷನ್‌ಗಳಲ್ಲಿ ಪೆಟ್ಟಾಗಬಹುದು, ಗುದದ್ವಾರ ತೆಗೆಯುವುದರಲ್ಲಿ ಸ್ವಲ್ಪ ಹೆಚ್ಚು. ಇದನ್ನು ನಾಚಿಕೆ ಬಿಟ್ಟು ಮೊದಲೇ ಕೇಳಿ. ಆಮೇಲೆ ಕೇಳುವುದು ಇನ್ನೂ ಕಷ್ಟ.

ಹಾಗಾದರೆ ಯಾವುದು ಮೇಲು? ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶಕರು 35 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2012ರಲ್ಲಿ ಹೇಳಿದ್ದು: ಜೋಡಿಸಿಕೊಂಡವರ ಬದುಕು ಶಾಶ್ವತ ಚೀಲದವರ ಬದುಕಿಗಿಂತ ಉತ್ತಮ ಎಂದು ಖಚಿತವಾಗಿ ಹೇಳಲು ಆಧಾರ ಇಲ್ಲ. ಇದನ್ನು ಓದಿದ ದಿನ ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗದ ಸಿಟ್ಟು.

ಆದರೂ ಆಯ್ಕೆ ಮಾಡಲೇಬೇಕಲ್ಲ. ನಾನು ಒಂದು ಮಾತಿಗೆ ಹೆಚ್ಚು ತೂಕ ಕೊಡುತ್ತೇನೆ. ಜೋಡಣೆ ಮಾಡಿಸಿ ಸಹಿಸಲಾಗದಿದ್ದರೆ ಆಮೇಲೆ ಕೊಲೊಸ್ಟಮಿಗೆ ಹೋಗಬಹುದು, ಗುದದ್ವಾರ ತೆಗೆಸಿಕೊಂಡವರಿಗೆ ಹಿಂದಿರುಗುವ ದಾರಿ ಇಲ್ಲ. ಆದ್ದರಿಂದ ಗುದದ್ವಾರದ ಹಿಡಿತ ಚೆನ್ನಾಗಿದ್ದು, ಒಂದೆರಡು ವರ್ಷದ ಒದ್ದಾಟಕ್ಕೆ ಮನಸ್ಸು, ಕೆಲಸ, ಮನೆ ಮೂರೂ ಜಾಗ ಕೊಡುವಂತಿದ್ದರೆ ಜೋಡಣೆಯನ್ನೇ ಪ್ರಯತ್ನಿಸಬಹುದು. ಈಗಾಗಲೇ ಹಿಡಿತ ಸಡಿಲವಿದ್ದವರು, ಎದ್ದು ಓಡಲಾಗದ ವಯಸ್ಸಿನವರು, ಜೋಡಣೆ ತೀರಾ ಕೆಳಗೆ ಬೀಳುವವರು, ಅದರ ಮೇಲೆ ರೇಡಿಯೇಷನ್ ಕೂಡ ಆಗಿರುವವರು ಕೊಲೊಸ್ಟಮಿಯನ್ನು ಸೋಲು ಎಂದು ನೋಡಬೇಕಾಗಿಲ್ಲ. ಇನ್ನೊಂದು ಸಂಗತಿ: ಚೀಲ ಇಲ್ಲದವರು ಚೀಲದ ಬದುಕನ್ನು ಊಹಿಸಿಕೊಂಡು ಹೇಳುವುದಕ್ಕಿಂತ, ಚೀಲದೊಡನೆ ಬದುಕುತ್ತಿರುವವರು ತಮ್ಮ ಬದುಕಿಗೆ ಹೆಚ್ಚಿನ ಅಂಕವನ್ನೇ ಕೊಡುತ್ತಾರೆ. ಸಾಧ್ಯವಾದರೆ ಎರಡೂ ದಾರಿಯಲ್ಲಿ ನಡೆದ ಒಬ್ಬೊಬ್ಬರ ಜತೆ ಮಾತಾಡಿ. ಒಬ್ಬರ ಜತೆ ಮಾತ್ರ ಮಾತಾಡಬೇಡಿ.

ಜೋಡಣೆಗೆ ಒಪ್ಪಿದರೆ ಇನ್ನೆರಡು ವಿಷಯ. ಕರುಳನ್ನು ನೇರವಾಗಿ ಜೋಡಿಸುವ ಬದಲು ತುದಿಯನ್ನು ಮಡಚಿ ಪುಟ್ಟ ಸಂಚಿಯಂತೆ ಮಾಡಿ ಅಥವಾ ಕರುಳಿನ ಪಕ್ಕದ ಗೋಡೆಗೆ ಜೋಡಿಸುವ ವಿಧಾನಗಳಿವೆ. ಮೊದಲ ಒಂದೆರಡು ವರ್ಷ ಮೋಷನ್ ಸಂಖ್ಯೆ ಇವುಗಳಲ್ಲಿ ಕಡಿಮೆ. "ನನ್ನ ದೇಹದಲ್ಲಿ ಅದಕ್ಕೆ ಜಾಗ ಇದೆಯೇ?" ಎಂದು ಕೇಳಿ. ಮತ್ತೆ, ಲಾರ್ಸ್ ಬಂದರೆ ಸುಮ್ಮನೆ ಸಹಿಸುವುದು ಚಿಕಿತ್ಸೆಯಲ್ಲ. ಊಟಕ್ಕೆ ಅರ್ಧ ಗಂಟೆ ಮೊದಲು ಕರುಳಿನ ವೇಗ ತಗ್ಗಿಸುವ ಲೋಪೆರಮೈಡ್ ಔಷಧಿ, ಮಲಕ್ಕೆ ಮೈಕಟ್ಟು ಕೊಡುವ ಇಸಬ್ಗೋಲ್, ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಹೇಳಿಕೊಡುವ ಸೊಂಟದಡಿಯ ಸ್ನಾಯುಗಳ ವ್ಯಾಯಾಮ, ಗುದದ್ವಾರದ ಮೂಲಕ ಉಗುರುಬೆಚ್ಚಗಿನ ನೀರು ಹಾಯಿಸಿ ಕರುಳನ್ನು ಒಂದೇ ಸಲಕ್ಕೆ ಖಾಲಿ ಮಾಡುವ ವಿಧಾನ, ಅದಕ್ಕೂ ಬಗ್ಗದಿದ್ದರೆ ಬೆನ್ನ ತಳದ ನರಕ್ಕೆ ಸಣ್ಣ ವಿದ್ಯುತ್ ಕೊಡುವ ಸಾಧನ, ಹೀಗೆ ಮೆಟ್ಟಿಲುಗಳಿವೆ. ಪ್ರತಿಯೊಂದನ್ನೂ ಡಾಕ್ಟರ್ ನೋಡಿಯೇ ಹತ್ತಬೇಕು. ಅಕ್ಕನಿಗೆ ನೀರಿನ ವಿಧಾನ ಹಿಡಿಸಿತು. ಹದಿನೆಂಟನೇ ತಿಂಗಳಿಗೆ ಅಂಕ 24ಕ್ಕೆ ಇಳಿಯಿತು.

ತಾತ್ಕಾಲಿಕ ಇಲಿಯೊಸ್ಟಮಿ ಬೇಕೋ ಬೇಡವೋ

ಕೆಳಗಿನ ಜೋಡಣೆ ಮಾಯುವ ತನಕ ಮಲ ಆ ದಾರಿಯಲ್ಲಿ ಹೋಗದಿರಲೆಂದು ಸಣ್ಣ ಕರುಳಿನ ಒಂದು ಮಡಿಕೆಯನ್ನು ಹೊಟ್ಟೆಯ ಮೇಲೆ ತೆರೆಯುತ್ತಾರೆ. ಇದೇ ಇಲಿಯೊಸ್ಟಮಿ, ವಿಮೆಯ ಹಾಗೆ. ಸ್ವೀಡನ್ನಿನಲ್ಲಿ 234 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದು ಇದ್ದವರಲ್ಲಿ ತೊಂದರೆ ಕೊಡುವಂಥ ಸೋರಿಕೆ ಆದದ್ದು 10.3 ಶೇಕಡಾ, ಇಲ್ಲದವರಲ್ಲಿ 28 ಶೇಕಡಾ. ಸೋರಿಕೆ ಆದರೆ ಜೀವಕ್ಕೂ ಅಪಾಯ, ಮುಂದಿನ ಕರುಳಿನ ಹಿಡಿತಕ್ಕೂ ಪೆಟ್ಟು. ಆದ್ದರಿಂದ ತೀರಾ ಕೆಳಗಿನ ಜೋಡಣೆಗೆ ಸರ್ಜನ್ ಇದನ್ನು ಹೇಳಿದರೆ ನಾನು ಚೌಕಾಸಿ ಮಾಡುವುದಿಲ್ಲ.

ಆದರೆ ತಾತ್ಕಾಲಿಕ ಎಂಬ ಪದ ಸ್ವಲ್ಪ ಮೋಸದ್ದು. 8ರಿಂದ 12 ವಾರ ಎಂದು ಹೇಳಿದ್ದು ನಡುವೆ ಕೀಮೋಥೆರಪಿ ಬಂದರೆ ಆರೇಳು ತಿಂಗಳಾಗುತ್ತದೆ, ಕೆಲವರಿಗೆ ಮುಚ್ಚುವ ದಿನ ಬರುವುದೇ ಇಲ್ಲ. ಡೆನ್ಮಾರ್ಕ್ ಮತ್ತು ಸ್ವೀಡನ್‌ಗಳ ಇನ್ನೊಂದು ಪ್ರಯೋಗ ಆಯ್ದ ರೋಗಿಗಳಲ್ಲಿ 8ರಿಂದ 13ನೇ ದಿನದೊಳಗೇ ಮುಚ್ಚಿ ತೊಡಕುಗಳು ಕಡಿಮೆಯಾದದ್ದನ್ನು 2017ರಲ್ಲಿ ತೋರಿಸಿತು. ಜೋಡಣೆ ಚೆನ್ನಾಗಿ ಮಾಯ್ದಿದೆ ಎಂದು ಪರೀಕ್ಷೆಯಲ್ಲಿ ಖಚಿತವಾದವರಿಗೆ ಮಾತ್ರ ಇದು. ಮುಚ್ಚುವ ತಾರೀಖನ್ನು ಮೊದಲೇ ಬರೆಸಿಕೊಳ್ಳಿ, ಮುಂದೂಡಿದರೆ ಕಾರಣ ಕೇಳಿ.

ಇಲಿಯೊಸ್ಟಮಿಯ ದಿನ ಕೊಲೊಸ್ಟಮಿಯ ದಿನಕ್ಕಿಂತ ಬೇರೆ. ಬರುವುದು ನೀರಾದದ್ದು, ದಿನಕ್ಕೆ ನಾಲ್ಕಾರು ಸಲ ಚೀಲ ಖಾಲಿ ಮಾಡಬೇಕು, ಚರ್ಮಕ್ಕೆ ತಾಗಿದರೆ ಸುಡುತ್ತದೆ. ದಿನಕ್ಕೆ 500ರಿಂದ 800 ಮಿಲಿಲೀಟರ್ ಸರಿ. 1500 ದಾಟಿದರೆ ದೇಹ ಒಣಗುತ್ತಿದೆ ಎಂದೇ ಅರ್ಥ. ಇಲ್ಲಿ ನಾವು ಮಾಡಿದ ತಪ್ಪು ಹೇಳುತ್ತೇನೆ. ಚೀಲ ತುಂಬಿ ತುಂಬಿ ಬರುತ್ತಿತ್ತು, ಅಕ್ಕನಿಗೆ ತಡೆಯಲಾರದ ಬಾಯಾರಿಕೆ. ನಾನು ಲೋಟದ ಮೇಲೆ ಲೋಟ ನೀರು ಕೊಟ್ಟೆ. ಕೊಟ್ಟಷ್ಟೂ ಚೀಲಕ್ಕೆ ಬಂತು, ಎದ್ದರೆ ತಲೆ ತಿರುಗಿತು. ಉಪ್ಪಿಲ್ಲದ ನೀರು ಕರುಳಿನೊಳಗೆ ದೇಹದ ಸೋಡಿಯಂ ಅನ್ನೂ ಎಳೆದುಕೊಂಡು ಹೊರಬರುತ್ತದೆ ಎಂದು ಆಸ್ಪತ್ರೆಗೆ ಮರಳಿ ಸೇರಿದ ಮೇಲೆ ಗೊತ್ತಾಯಿತು. ಬೇಕಾದದ್ದು ಉಪ್ಪು ಮತ್ತು ಗ್ಲೂಕೋಸ್ ಸೇರಿದ ಓಆರ್‌ಎಸ್. ಬರೀ ನೀರಿಗೆ ಮಿತಿ. ಇಲಿಯೊಸ್ಟಮಿಯವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ಮುಖ್ಯ ಕಾರಣವೇ ಈ ನೀರಿನ ಕೊರತೆ. ನಿಧಾನವಾಗಿ ಕರಗುವ ಮಾತ್ರೆಗಳು ಇಡಿಯಾಗಿ ಚೀಲಕ್ಕೆ ಬೀಳುವುದೂ ಇದೆ. ಕಂಡರೆ ಹೇಳಿ, ಔಷಧಿಯ ರೂಪ ಬದಲಿಸುತ್ತಾರೆ.

ಒಳಗಿನ ಸಂಚಿಯೋ, ಶಾಶ್ವತ ಇಲಿಯೊಸ್ಟಮಿಯೋ

ದೊಡ್ಡ ಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಬರುವ ಅಲ್ಸರೇಟಿವ್ ಕೊಲೈಟಿಸ್‌ಗೆ ದೊಡ್ಡ ಕರುಳನ್ನೂ ಗುದನಾಳವನ್ನೂ ಪೂರ್ತಿ ತೆಗೆದಾಗ ಬರುವ ಕವಲು ಇದು. ಇಲಿಯೊಸ್ಟಮಿಯ ತುದಿಯನ್ನು ಮೊಳಕೆಯಂತೆ ಹೊರಗೆ ಮಡಚಿ ಚರ್ಮ ಸುಡದಂತೆ ಮಾಡಿದ್ದು ಇಂಗ್ಲೆಂಡಿನ ಬ್ರಯನ್ ಬ್ರೂಕ್, 1952ರಲ್ಲಿ. ಸಣ್ಣ ಕರುಳಿನಿಂದಲೇ ಒಳಗೆ ಸಂಚಿ ಹೊಲಿದು ಗುದದ್ವಾರಕ್ಕೆ ಜೋಡಿಸುವುದನ್ನು ಪಾರ್ಕ್ಸ್ ಮತ್ತು ನಿಕಲ್ಸ್ 1978ರಲ್ಲಿ ವರದಿ ಮಾಡಿದರು.

ಸಂಚಿ ಚೆನ್ನಾಗಿ ಕೂತರೆ ದಿನಕ್ಕೆ ಐದಾರು ಸಲ, ರಾತ್ರಿ ಒಮ್ಮೆ ಮೋಷನ್. ಓಡುವ ಧಾವಂತ ಕಾಯಿಲೆಯ ದಿನಗಳಿಗಿಂತ ಬಹಳ ಕಡಿಮೆ, ಆದ್ದರಿಂದ ಹೆಚ್ಚಿನವರು ಸಂತೋಷವಾಗಿಯೇ ಇರುತ್ತಾರೆ. ಬದಲಿಗೆ ಎರಡು ಮೂರು ಆಪರೇಷನ್, ಸಂಚಿಗೆ ಉರಿಯೂತ ಬರುವ ದೊಡ್ಡ ಸಾಧ್ಯತೆ, ಹೆಣ್ಣುಮಕ್ಕಳಲ್ಲಿ ಗರ್ಭ ಕಟ್ಟುವ ಸಾಧ್ಯತೆ ಕಡಿಮೆಯಾಗುವುದು. ಮಕ್ಕಳಾಗಬೇಕೆಂದಿರುವವರು ದೊಡ್ಡ ಕರುಳನ್ನು ಮಾತ್ರ ತೆಗೆಸಿ, ಇಲಿಯೊಸ್ಟಮಿಯಲ್ಲಿ ಕೆಲವು ವರ್ಷ ಇದ್ದು, ಸಂಚಿಯನ್ನು ಆಮೇಲೆ ಮಾಡಿಸಿಕೊಳ್ಳುವ ಬಗ್ಗೆ ಖಂಡಿತ ಕೇಳಬೇಕು. ವರ್ಷಗಟ್ಟಲೆ ಆಸ್ಪತ್ರೆ ಅಲೆದು ಸಾಕಾಗಿ, ಒಂದೇ ಸಲಕ್ಕೆ ಮುಗಿಯಲಿ ಎನ್ನುವವರಿಗೆ ಶಾಶ್ವತ ಇಲಿಯೊಸ್ಟಮಿ ನೆಮ್ಮದಿಯದು.

ಆಪರೇಷನ್ನೇ ಇಲ್ಲದ ದಾರಿ, ಆಯ್ಕೆಯೇ ಇಲ್ಲದ ದಾರಿ

ಬ್ರೆಜಿಲ್ಲಿನ ಸಾವೊ ಪಾಲೊದ ಸರ್ಜನ್ ಆಂಜೆಲಿಟಾ ಹಬ್ರ್-ಗಾಮಾ ಅವರ ತಂಡ 2004ರಲ್ಲಿ ಒಂದು ದಿಟ್ಟ ವಿಷಯ ಪ್ರಕಟಿಸಿತು: ರೇಡಿಯೇಷನ್ ಮತ್ತು ಕೀಮೋ ನಂತರ ಗುದನಾಳದ ಗೆಡ್ಡೆ ಪೂರ್ತಿ ಕಾಣೆಯಾದವರನ್ನು ಆಪರೇಷನ್ ಮಾಡದೆ ಕಾದು ನೋಡಬಹುದು. ಇಂಥ 880 ರೋಗಿಗಳ ಅಂತರರಾಷ್ಟ್ರೀಯ ದಾಖಲೆ 2018ರಲ್ಲಿ ಬಂತು. ಎರಡು ವರ್ಷದೊಳಗೆ 25.2 ಶೇಕಡಾ ಮಂದಿಯಲ್ಲಿ ಗೆಡ್ಡೆ ಅದೇ ಜಾಗದಲ್ಲಿ ಮತ್ತೆ ಬೆಳೆದಿತ್ತು. ಗುದನಾಳ ಉಳಿಯುತ್ತದೆ, ಆದರೆ ಕೆಲವೇ ತಿಂಗಳಿಗೊಮ್ಮೆ ಪರೀಕ್ಷೆ, ಎಂಡೋಸ್ಕೋಪಿ, ಎಂಆರ್‌ಐ ತಪ್ಪದೆ ಆಗಬೇಕು. ಪ್ರತಿ ಸ್ಕ್ಯಾನಿನ ಹಿಂದಿನ ರಾತ್ರಿ ನಿದ್ದೆಗೆಡುವ ಸ್ವಭಾವ ನಿಮ್ಮದಾದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಇನ್ನು ಕರುಳು ತೂತಾಗಿ ನಡುರಾತ್ರಿ ಆಪರೇಷನ್ ಆದವರಿಗೆ ಆಯ್ಕೆಯ ಮಾತೇ ಇರುವುದಿಲ್ಲ. ಫ್ರಾನ್ಸಿನ ಸರ್ಜನ್ ಹೆನ್ರಿ ಹಾರ್ಟ್‌ಮನ್ 1921ರಲ್ಲಿ ವಿವರಿಸಿದ ವಿಧಾನದಂತೆ ಕೆಟ್ಟ ಭಾಗ ತೆಗೆದು, ಕೆಳತುದಿ ಮುಚ್ಚಿ, ಮೇಲ್ತುದಿಯನ್ನು ಹೊಟ್ಟೆಗೆ ತರುತ್ತಾರೆ. ಎಚ್ಚರವಾದಾಗ ಚೀಲ ಇರುತ್ತದೆ. ಇವರ ಆಯ್ಕೆ ಆಮೇಲೆ ಬರುತ್ತದೆ: ತಿರುಗಿ ಜೋಡಿಸುವುದೋ, ಹೀಗೇ ಇರುವುದೋ. ಆ ಎರಡನೇ ಆಪರೇಷನ್ ಸಣ್ಣದಲ್ಲ. ಚೀಲಕ್ಕೆ ಒಗ್ಗಿ ಹೋಗಿ "ಇರಲಿ ಬಿಡಿ" ಎನ್ನುವ ಹಿರಿಯರನ್ನು ಮನೆಯವರು ಒತ್ತಾಯಿಸಬಾರದು.

ಚೀಲದಲ್ಲಿ ಚೀಲ

1954ರಲ್ಲಿ ಡೆನ್ಮಾರ್ಕಿನ ನರ್ಸ್ ಎಲಿಸ್ ಸೋರೆನ್ಸೆನ್, ಸ್ಟೋಮಾ ಆದ ಮೇಲೆ ಮನೆಯಿಂದ ಹೊರಡಲು ಹೆದರುತ್ತಿದ್ದ ತನ್ನ ಸಹೋದರಿಗಾಗಿ, ಚರ್ಮಕ್ಕೆ ಅಂಟುವ ಬಿಸಾಡಬಹುದಾದ ಚೀಲವನ್ನು ಯೋಚಿಸಿದರು. ಈ ಕಥೆ ಅಕ್ಕನಿಗೆ ಬಹಳ ಇಷ್ಟ, "ನೀನು ನನಗೇನು ಕಂಡುಹಿಡಿದೆ?" ಎಂದು ಕೇಳುತ್ತಿರುತ್ತಾಳೆ.

ಚೀಲದ ಬ್ರ್ಯಾಂಡಿಗಿಂತ ಮೊದಲು ಜಾಗ. ಆಪರೇಷನ್‌ಗೆ ಮುಂಚೆ ಸ್ಟೋಮಾ ನರ್ಸ್ ನಿಮ್ಮನ್ನು ನಿಲ್ಲಿಸಿ, ಕೂರಿಸಿ, ಬಗ್ಗಿಸಿ, ಮಡಿಕೆಯಿಲ್ಲದ, ಉಡುಪಿನ ಪಟ್ಟಿ ಬೀಳದ, ನಿಮ್ಮ ಕಣ್ಣಿಗೇ ಕಾಣುವ ಜಾಗಕ್ಕೆ ಗುರುತು ಹಾಕಬೇಕು. ಚೀಲ ಬರುವ ಸಾಧ್ಯತೆ ಸಣ್ಣದಿದ್ದರೂ ಗುರುತು ಹಾಕಿಸಿಕೊಳ್ಳಿ. ತಪ್ಪು ಜಾಗದ ಸ್ಟೋಮಾಕ್ಕೆ ಯಾವ ದುಬಾರಿ ಚೀಲವೂ ಕೂರುವುದಿಲ್ಲ.

ಚೀಲವೂ ಅಂಟುಪಟ್ಟಿಯೂ ಸೇರಿಯೇ ಬರುವುದು ಒಂದು ಬಗೆ: ತೆಳು, ಮೆತ್ತಗೆ, ಬಟ್ಟೆಯೊಳಗೆ ಕಾಣದು, ಕೈನಡುಕ ಇರುವವರಿಗೆ ಸುಲಭ. ಪಟ್ಟಿ ಬೇರೆ ಚೀಲ ಬೇರೆ ಇರುವುದು ಇನ್ನೊಂದು: ಪಟ್ಟಿಯನ್ನು ಎರಡು ಮೂರು ದಿನ ಹಾಗೇ ಬಿಟ್ಟು ಚೀಲ ಮಾತ್ರ ಬದಲಿಸಬಹುದು, ಚರ್ಮ ಸೂಕ್ಷ್ಮ ಇರುವವರಿಗೆ ಹಿತ, ಆದರೆ ಸ್ವಲ್ಪ ದಪ್ಪ, ಕೂಡಿಸಲು ಬೆರಳಿಗೆ ಬಲ ಬೇಕು. ಇಲಿಯೊಸ್ಟಮಿಗೆ ಕೆಳಗೆ ಬಾಯಿರುವ ಚೀಲ, ಗಟ್ಟಿ ಮಲದ ಕೊಲೊಸ್ಟಮಿಗೆ ಮುಚ್ಚಿದ ಚೀಲ. ಸ್ಟೋಮಾ ಚರ್ಮದ ಮಟ್ಟಕ್ಕೇ ಇದ್ದು ಅಂಚಿನಲ್ಲಿ ಸೋರುತ್ತಿದ್ದರೆ ಒಳಕ್ಕೆ ಉಬ್ಬಿದ ಪಟ್ಟಿಯ ಬಗ್ಗೆ ನರ್ಸನ್ನು ಕೇಳಿ. ತೂತನ್ನು ಸ್ಟೋಮಾಕ್ಕಿಂತ 2-3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಿರುತ್ತದೆ, ಆದ್ದರಿಂದ ಆಗಾಗ ಅಳೆಯಬೇಕು. ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ.

ಎಡಭಾಗದ ಕೊಲೊಸ್ಟಮಿಯವರಿಗೆ ಮಾತ್ರ ಒಂದು ಹೆಚ್ಚಿನ ಆಯ್ಕೆ ಇದೆ. ದಿನ ಅಥವಾ ಎರಡು ದಿನಕ್ಕೊಮ್ಮೆ ಸ್ಟೋಮಾದ ಮೂಲಕ ಉಗುರುಬೆಚ್ಚಗಿನ ನೀರು ಬಿಟ್ಟು ಕರುಳನ್ನು ಖಾಲಿ ಮಾಡುವುದು. ಒಂದು ಗಂಟೆ ಹಿಡಿಯುತ್ತದೆ. ಉಳಿದ ಹೊತ್ತು ಪುಟ್ಟ ಮುಚ್ಚಳ ಸಾಕು. ಈಜುವವರು, ಪ್ರಯಾಣ ಮಾಡುವವರು ಇದನ್ನು ತಪ್ಪದೆ ವಿಚಾರಿಸಲಿ. ಡಾಕ್ಟರ್ ಒಪ್ಪಿ, ನರ್ಸ್ ಕೈಹಿಡಿದು ಕಲಿಸಿದ ಮೇಲೆಯೇ ಶುರು ಮಾಡಬೇಕು. ಇಲಿಯೊಸ್ಟಮಿಗೆ ಇದು ಆಗುವುದಿಲ್ಲ.

ಮನೆಗೆ ಬಂದ ಮೇಲೆ

ಎಲ್ಲ ದಾರಿಗಳಿಗೂ ಸಾಮಾನ್ಯವಾದ ಕೆಲವು ಮಾತು. ದಣಿವು ವಾರಗಳಲ್ಲಿ ಹೋಗುವುದಿಲ್ಲ, ತಿಂಗಳುಗಳು ಬೇಕು, ಅದು ಸೋಮಾರಿತನವಲ್ಲ. ಆರು ವಾರ ಭಾರ ಎತ್ತಬಾರದು, ಆದರೆ ನಡಿಗೆ ಬಿಡಬಾರದು. ಕ್ಯಾನ್ಸರ್ ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟದಿರಲು ಸಾಮಾನ್ಯವಾಗಿ 28 ದಿನ ಇಂಜೆಕ್ಷನ್ ಇರುತ್ತದೆ, ಮನೆಗೆ ಬಂದೆವೆಂದು ನಿಲ್ಲಿಸಬೇಡಿ. ಜ್ವರ, ನಿಲ್ಲದ ಎದೆಬಡಿತ, ಹೆಚ್ಚುತ್ತಿರುವ ಹೊಟ್ಟೆನೋವು, ವಾಂತಿಯೊಡನೆ ಸ್ಟೋಮಾದಿಂದ ಏನೂ ಬಾರದಿರುವುದು, ಸ್ಟೋಮಾ ಕಪ್ಪಾಗುವುದು, ಒಂದೇ ಮೀನಖಂಡದಲ್ಲಿ ನೋವು ಊತ, ಉಸಿರು ಕಟ್ಟುವುದು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬಾರದು.

ಹೋದ ತಿಂಗಳು ಪರಿಚಯದವರೊಬ್ಬರು ತಮ್ಮ ತಾಯಿಯ ಆಪರೇಷನ್‌ಗೆ ಮೊದಲು ಅಕ್ಕನಿಗೆ ಫೋನ್ ಮಾಡಿ, ಡಾಕ್ಟರ ಹತ್ತಿರ ಏನು ಕೇಳಬೇಕು ಎಂದರು. ಅಕ್ಕ ಹಾಳೆಯ ಮೇಲೆ ಬರೆದುಕೊಂಡು ಓದಿ ಹೇಳಿದಳು. ನಮ್ಮ ತಾಯಿಯ ಜೋಡಣೆ ಎಷ್ಟು ಕೆಳಗೆ ಬರುತ್ತದೆ? ಒಂದು ವರ್ಷದ ನಂತರ ಬೆಳಗ್ಗೆ ಎಷ್ಟು ಸಲ, ರಾತ್ರಿ ಎಷ್ಟು ಸಲ ಹೋಗಬೇಕಾಗಬಹುದು? ಚೀಲ ಬಂದರೆ ಮುಚ್ಚುವುದು ಯಾವಾಗ, ತಡವಾದರೆ ಯಾಕೆ? ಹೊಟ್ಟೆಯ ಮೇಲೆ ಗುರುತು ಹಾಕುವುದು ಯಾರು, ಯಾವ ದಿನ? ನಿಮ್ಮ ತಾಯಿಗೇ ಈ ಆಪರೇಷನ್ ಆಗಬೇಕಿದ್ದರೆ ನೀವು ಯಾವುದನ್ನು ಆರಿಸುತ್ತಿದ್ದಿರಿ? ಕೊನೆಯದನ್ನು ಎರಡು ಸಲ ಓದಿದಳು: ರಾತ್ರಿ ಎರಡು ಗಂಟೆಗೆ ಚೀಲ ಸೋರಿದರೆ ಅಥವಾ ಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕು, ಆ ನಂಬರ್ ಇಲ್ಲೇ ಬರೆದುಕೊಡಿ.